ಎರಿ ಹೊಲದ ರಾಡಿಯಲ್ಲಿ ಮುರಿದ ಗೇರು

ಗೇರಿನ ಸೈಕಲ್ಲಿನ ಹಿಂದಿನ ಗಾಲಿಯ ಬಲಮಗ್ಗುಲಿಗೆ, ಫ್ರೇಮಿಗೂ ಗೇರಿಗೂ ನಡುವೆ, ಹೆಬ್ಬೆರಳುದ್ದದ ಒಂದು ಅಲ್ಯೂಮಿನಿಯಂ ತುಂಡು ಇರುತ್ತದೆ. ಅದಕ್ಕೆ ಹ್ಯಾಂಗರ್ ಎನ್ನುತ್ತಾರೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಪೂರ್ತಿ ಅದರ ಮೇಲೆಯೇ ತೂಗಾಡುತ್ತಿರುತ್ತದೆ. ಸೈಕಲ್ ಬಿದ್ದರೆ, ಕಲ್ಲಿಗೆ ತಾಗಿದರೆ ಫ್ರೇಮ್ ಉಳಿದು ಈ ತುಂಡು ಮೊದಲು ಮಣಿಯಲಿ, ಇಲ್ಲವೇ ಮುರಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ನನ್ನ ಸೈಕಲ್ಲಿನದು ಮುರಿದದ್ದು ಚಿತ್ತಿ ಮಳೆಯ ಒಂದು ಸಂಜೆ, ಕುಸುಗಲ್ಲಿನಿಂದ ಬ್ಯಾಹಟ್ಟಿ ಕಡೆಗಿನ ಹೊಲದ ದಾರಿಯಲ್ಲಿ. ಜೊತೆಗೆ ಅಣ್ಣನ ಮಗ ಇದ್ದ, ಹತ್ತನೆಯ ತರಗತಿಯ ಹುಡುಗ. ಸುತ್ತಲೂ ಬಯಲು, ಮೇಲೆ ಸಿಡಿಲು.

ನಾನಿರುವುದು ವಿದ್ಯಾನಗರದಲ್ಲಿ, ಬಿ.ವಿ.ಬಿ. ಕಾಲೇಜಿಗೆ ಹತ್ತಿರದ ಒಂದು ಓಣಿಯಲ್ಲಿ. 1947ರಲ್ಲಿ ಶುರುವಾದ ಆ ಕಾಲೇಜು ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಆಗಿದೆ, ಆದರೆ ಆಟೋದವರಿಗೆ ಇಂದಿಗೂ ಬಿ.ವಿ.ಬಿ. ಎಂದರೇ ತಿಳಿಯುವುದು. ಬೆಳಗಿನ ಹೊತ್ತು ಉಣಕಲ್ ಕೆರೆ ಸುತ್ತುವುದು, ನೃಪತುಂಗ ಬೆಟ್ಟ ಹತ್ತಿ ಇಳಿಯುವುದು ನಮ್ಮ ಕಡೆಯ ಸೈಕಲ್ಲಿನವರ ರೂಢಿ. ರಜೆಯ ದಿನ ಇನ್ನಷ್ಟು ದೂರ ಹೋಗುತ್ತೇವೆ. ಪಶ್ಚಿಮಕ್ಕೆ ಕಲಘಟಗಿ ಕಡೆ ಹೊರಟರೆ ಮಸಾರಿ ಮಣ್ಣು, ಅರೆಮಲೆನಾಡಿನ ಗಾಳಿ. ಮಳೆಯಾದರೂ ಆ ಕೆಂಪು ಮಣ್ಣು ನೀರು ಬಸಿದು ಬೇಗ ಗಟ್ಟಿಯಾಗುತ್ತದೆ. ಪೂರ್ವಕ್ಕೆ ಕೇಶ್ವಾಪುರ ದಾಟಿ ಕುಸುಗಲ್ ರಸ್ತೆ ಹಿಡಿದರೆ ಎರಿ ಭೂಮಿ. ನವಲಗುಂದ, ಅಣ್ಣಿಗೇರಿವರೆಗೂ ಕಣ್ಣು ಹಾಯಿಸಿದಷ್ಟು ಕಪ್ಪು. ಹುಬ್ಬಳ್ಳಿ ಈ ಎರಡು ಮಣ್ಣುಗಳ ನಡುವೆ ಕೂತ ಊರು. ಸೈಕಲ್ಲಿನ ಮಟ್ಟಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಆ ಸಂಜೆ.

ಹೊರಟಾಗ ಬಿಸಿಲಿತ್ತು. ದಸರಾ ಮುಗಿದಿತ್ತು, ಹೊಲಗಳಲ್ಲಿ ಹಿಂಗಾರಿ ಬಿತ್ತನೆ ನಡೆದಿತ್ತು. ಕಡ್ಲಿ, ಬಿಳಿಜೋಳದ ಸಾಲುಗಳ ನಡುವೆ ಚಕ್ಕಡಿ ದಾರಿ ಒಣಗಿ ಗಟ್ಟಿಯಾಗಿತ್ತು. ಅದರ ಮೇಲೆ ಅಗಲ ಟೈರಿನ ಮೌಂಟೇನ್ ಬೈಕ್ ಸೊಗಸಾಗಿ ಓಡುತ್ತದೆ. ಹುಡುಗ ಮುಂದೆ, ನಾನು ಹಿಂದೆ. ಮೂಡಣದಲ್ಲಿ ಕಪ್ಪು ಮೋಡ ಎದ್ದದ್ದು ಕಂಡು ಇಬ್ಬರೂ ಸೈಕಲ್ ತಿರುಗಿಸಿದೆವು. ಡಾಂಬರು ರಸ್ತೆ ಇನ್ನೂ ದೂರವಿರುವಾಗಲೇ ದಪ್ಪ ಹನಿ ಬೀಳತೊಡಗಿತು. ಹಿಂಗಾರಿ ಮಳೆ ನಮ್ಮ ಕಡೆ ಹೇಳಿಕೇಳಿ ಬರುವುದಿಲ್ಲ, ಬಂದರೆ ಒಮ್ಮೆಲೇ ಸುರಿಯುತ್ತದೆ.

ಎರಿ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಸೆಟೆದು ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಆ ಮಣ್ಣೇ ಮಳೆ ಬಿದ್ದ ಸ್ವಲ್ಪ ಹೊತ್ತಿನಲ್ಲಿ ಅಂಟಾಗುತ್ತದೆ. ಮೊದಲು ಟೈರಿನ ಹಲ್ಲುಗಳು ತುಂಬಿಕೊಂಡವು. ಆ ಮಣ್ಣಿನ ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು. ಮುಂದಿನ ಗಾಲಿ ಫೋರ್ಕಿಗೆ ಉಜ್ಜತೊಡಗಿತು, ಹಿಂದಿನದು ಫ್ರೇಮಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಇಳಿದು ಕೈಯಿಂದ ಬಳಿದು ನಾಲ್ಕು ಹೆಜ್ಜೆ ತಳ್ಳಿದರೆ ಮತ್ತೆ ಅಷ್ಟೇ ಮಣ್ಣು. ಚಪ್ಪಲಿಯ ಅಡಿಗೆ ಮಣ್ಣು ಕೂತು ಹುಡುಗ ನನಗಿಂತ ಎತ್ತರ ಕಾಣುತ್ತಿದ್ದ. ಮಣ್ಣಿನೊಳಗೆ ಹಿಂದಿನ ಬೆಳೆಯ ಹತ್ತಿಕಟ್ಟಿಗೆ ಚೂರು, ಹುಲ್ಲಿನ ಬೇರು ಬೇರೆ.

ಮುರಿಯುವಾಗ ನಾನು ಸೈಕಲ್ ಹತ್ತಿರಲಿಲ್ಲ, ತಳ್ಳುತ್ತಿದ್ದೆ. ಡಿರೇಲರಿನ ಕೆಳಗಿನ ಪಂಜರದಲ್ಲಿ ಎರಡು ಪುಟ್ಟ ಗಾಲಿಗಳಿರುತ್ತವೆ, ಚೈನ್ ಅವುಗಳ ನಡುವೆ ನುಸುಳಿ ಹೋಗುತ್ತದೆ. ಆ ಗಾಲಿಗಳಿಗೂ ಪಂಜರಕ್ಕೂ ನಡುವೆ ರಾಡಿ ಗಿಡಿದು ತುಂಬಿತ್ತು. ಚೈನ್ ನುಸುಳುವುದು ನಿಂತಿತು. ಹಿಂದಿನ ಗಾಲಿ ಮಾತ್ರ, ರಾಡಿಯಿಂದ ತನಗೆ ಅಂಟಿಕೊಂಡಿದ್ದ ಹಲ್ಲುಚಕ್ರಗಳನ್ನೂ ತಿರುಗಿಸುತ್ತ, ಮುಂದೆ ಉರುಳಿತು. ಸಿಕ್ಕಿಬಿದ್ದ ಚೈನು ಪಂಜರವನ್ನು ಹಿಂದಕ್ಕೂ ಮೇಲಕ್ಕೂ ಎಳೆದುಕೊಂಡಿತು. ಪಂಜರ ಗಾಲಿಯ ಕಡ್ಡಿಗಳೊಳಗೆ ಹೋಯಿತು. ಟಕ್ ಎಂದು ಒಂದೇ ಸದ್ದು. ಬಗ್ಗಿ ನೋಡಿದರೆ ಹ್ಯಾಂಗರ್ ಎರಡು ತುಂಡು, ಡಿರೇಲರ್ ಕಡ್ಡಿಗಳ ನಡುವೆ ಅಡ್ಡ ಸಿಕ್ಕಿಕೊಂಡಿದೆ, ಎರಡು ಕಡ್ಡಿ ತುಂಡಾಗಿ ನೇತಾಡುತ್ತಿವೆ, ಗೇರಿನ ವೈರ್ ಎಳೆಎಳೆಯಾಗಿ ಬಿಚ್ಚಿಕೊಂಡಿದೆ. ಇನ್ನು ಆ ಸೈಕಲ್ಲನ್ನು ತಳ್ಳುವುದೂ ಆಗುವುದಿಲ್ಲ, ಗಾಲಿಯೇ ತಿರುಗದು. ಹೊರಬೇಕು.

ಅಷ್ಟರಲ್ಲಿ ಸಿಡಿಲು ಹತ್ತಿರ ಬಂತು. ಮಿಂಚಿಗೂ ಗುಡುಗಿಗೂ ನಡುವೆ ಉಸಿರು ಬಿಡುವಷ್ಟೂ ಬಿಡುವು ಸಿಗುತ್ತಿರಲಿಲ್ಲ. ಆ ಬಯಲಿನಲ್ಲಿ ಎತ್ತರದ ವಸ್ತು ಎಂದರೆ ನಾವಿಬ್ಬರು, ಸ್ವಲ್ಪ ದೂರದಲ್ಲಿ ಒಂದೇ ಒಂದು ಬನ್ನಿಗಿಡ. ಹುಡುಗ ಗಿಡದತ್ತ ಓಡತೊಡಗಿದ. ರಟ್ಟೆ ಹಿಡಿದು ನಿಲ್ಲಿಸಿದೆ. ಒಂಟಿ ಮರದ ಕೆಳಗೆ ನಿಂತವರು ಸಿಡಿಲಿಗೆ ಹೋದ ಸುದ್ದಿಯನ್ನು ನಮ್ಮ ಕಡೆ ಪ್ರತಿ ವರ್ಷ ಓದುತ್ತೇವೆ. ಸೈಕಲ್ಲುಗಳನ್ನು ದೂರ ಬಿಟ್ಟು, ಬದುವಿನ ಪಕ್ಕದ ತಗ್ಗಿನಲ್ಲಿ, ಒಬ್ಬರಿಂದೊಬ್ಬರು ಸರಿದು ಕುಕ್ಕರಗಾಲಿನಲ್ಲಿ ಕೂತೆವು. ಹುಡುಗ ಏನೋ ಒದರುತ್ತಿದ್ದ, ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ತುಟಿ ನೋಡಿ ತಿಳಿಯಿತು, "ಕಾಕಾ, ಕಾಕಾ" ಎಂದಷ್ಟೇ ಕರೆಯುತ್ತಿದ್ದ. ಹತ್ತಿರ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತದೆ, ಹೋಗಬಾರದು ಎಂದು ಗೊತ್ತಿದೆ. ಅವನ ಮುಖ ನೋಡುತ್ತ ದೂರ ಕೂತಿರಬೇಕಾದ ಆ ಹೊತ್ತು ನನ್ನ ಬದುಕಿನ ಅತಿ ಕಷ್ಟದ ಹೊತ್ತು. ಬರೆಯುವಾಗಲೂ ಕೈ ನಡುಗುತ್ತದೆ.

ಮಳೆ ಸಣ್ಣಗಾದಾಗ ಕತ್ತಲಾಗಿತ್ತು. ಬದುವಿನ ಆಚೆಯಿಂದ ಒಂದು ಬ್ಯಾಟರಿ ಬೆಳಕು ಬಂತು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಹಿರಿಯರೊಬ್ಬರು.

"ಯಾರ್ರೀ ಅದು? ಈ ಹೊತ್ತನ್ಯಾಗ ಇಲ್ಲೇನ್ ಮಾಡಾಕತ್ತೀರಿ?"

"ವಿದ್ಯಾನಗರದವ್ರರೀ ಅಜ್ಜಾರ. ಸೈಕಲ್ ಮುರದೈತ್ರಿ, ಜೋಡಿ ಹುಡುಗ ಅದಾನ."

ಅವರು ಸೈಕಲ್ಲಿನ ಮೇಲೆ ಬೆಳಕು ಬಿಟ್ಟು ನೋಡಿದರು. "ಈ ರಾಡ್ಯಾಗ ನಾವು ಚಕ್ಕಡಿನೂ ಹೂಡಂಗಿಲ್ಲೋ ತಮ್ಮಾ, ಎತ್ತಿನ ಕಾಲೂ ಕಿತ್ತು ಬರಂಗಿಲ್ಲ. ಬರ್ರಿ, ಮೊದ್ಲ ಹುಡುಗನ್ನ ಗುಡಸಲಕ್ಕ ಕರ್ಕೊಂಬರ್ರಿ."

ಗುಡಿಸಲಲ್ಲಿ ಹುಡುಗನಿಗೆ ಒಣ ಟವೆಲ್ ಕೊಟ್ಟರು, ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಆಮೇಲೆ ಸೈಕಲ್ಲಿನ ಪಕ್ಕ ನನ್ನೊಂದಿಗೆ ರಾಡಿಯಲ್ಲೇ ಕೂತು ಕುಡಗೋಲಿನ ತುದಿಯಿಂದ ಗಾಲಿಯ ಸಂದಿಯ ಮಣ್ಣು ಕೆರೆದರು. ನನ್ನ ಚೀಲದಲ್ಲಿ ಪಂಕ್ಚರಿನ ಸಾಮಾನು, ಅಲೆನ್ ಕೀಲಿಗಳು ಇದ್ದವು. ಚೈನ್ ಕಡಿಯುವ ಸಾಧನ ಇರಲಿಲ್ಲ. ಅಜ್ಜನ ಪಕ್ಕಡದಿಂದ ಚೈನಿನ ಜೋಡಣೆಯ ಕೊಂಡಿ ಬಿಚ್ಚಿ, ಗೇರಿನ ವೈರ್ ಕತ್ತರಿಸಿ, ಡಿರೇಲರನ್ನು ಕಡ್ಡಿಗಳಿಂದ ಬಿಡಿಸಿ, ಸುತಳಿಯಿಂದ ಫ್ರೇಮಿಗೆ ಕಟ್ಟಿದೆವು. ಗಾಲಿ ತಿರುಗಿತು, ಆದರೆ ಆ ರಾಡಿಯಲ್ಲಿ ತಳ್ಳುವಂತಿರಲಿಲ್ಲ. ಡಾಂಬರು ರಸ್ತೆಯವರೆಗೆ ನನ್ನ ಸೈಕಲ್ಲಿನ ಹಿಂಭಾಗ ಹೊತ್ತವರು ಅವರೇ. ನಾನು ಮುಂಭಾಗ ಹೊತ್ತೆ. ಹುಡುಗ ತನ್ನದನ್ನು ಎಳೆಯುತ್ತ ಬಂದ. ದಾರಿಯುದ್ದಕ್ಕೂ ಅಜ್ಜ ಒಂದೇ ಮಾತು ಹೇಳುತ್ತಿದ್ದರು, "ಬೆಣ್ಣಿಹಳ್ಳ ಏರಿರತೈತಿ, ಆ ಕಡೆ ಹೋಗಬ್ಯಾಡ್ರಿ." ಈ ಬಯಲಿನ ನೀರೆಲ್ಲ ಸೇರುವುದು ಆ ಹಳ್ಳಕ್ಕೆ. ಮಲಪ್ರಭೆಗೆ ಕೂಡುವ ಮೊದಲು ಅದು ಏರಿ ರಸ್ತೆಗಳನ್ನೇ ಮುಚ್ಚುವುದು ಇಲ್ಲಿನವರಿಗೆ ಹೊಸದಲ್ಲ. ರಸ್ತೆಯಲ್ಲಿ ಒಂದು ಟಂಟಂ ಸಿಕ್ಕಿತು, ಎರಡೂ ಸೈಕಲ್ ಹೇರಿಕೊಂಡು ಮನೆ ಮುಟ್ಟಿದೆವು. ವೈನಿ ಬಾಗಿಲಲ್ಲೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ, ಮಗನ ತಲೆ ಒರೆಸಿದರು.

ಜೀವ ಉಳಿಯಿತು. ಆಮೇಲಿನ ಕಷ್ಟ ಬೇರೆ ಥರದ್ದು. ಒಂದು ಚಿಕ್ಕ ತುಂಡಿಗಾಗಿ ಇಷ್ಟು ಅಲೆಯಬೇಕಾಗುತ್ತದೆ ಎಂದು ಯಾರೂ ನಂಬಲಾರರು.

ಹ್ಯಾಂಗರಿಗೆ ಒಂದೇ ಅಳತೆ ಎಂಬುದಿಲ್ಲ. ಪ್ರತಿ ಕಂಪನಿಗೂ, ಒಂದೇ ಕಂಪನಿಯ ಬೇರೆ ಬೇರೆ ಮಾದರಿಗೂ ಅದರ ಆಕಾರ ಬೇರೆ, ತೂತಿನ ಜಾಗ ಬೇರೆ. ನೂರಾರು ನಮೂನೆಗಳಿವೆ. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ಡಿರೇಲರನ್ನು ಒಂದು ಕಬ್ಬಿಣದ ಪಟ್ಟಿಗೆ ಕೂಡಿಸಿ ಆಕ್ಸಲ್ ನಟ್ಟಿನಡಿ ಬಿಗಿದಿರುತ್ತಾರೆ, ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ನನ್ನದು ಆ ಜಾತಿಯದಲ್ಲ. ಸೈಕಲ್ ಕೊಂಡ ಅಂಗಡಿಗೆ ಹೋದೆ. "ಆ ಮಾಡೆಲ್ ಬಂದ್ ಆಗೇತ್ರಿ ಸರ್, ಹೊಸಾದ ತಗೋರಿ" ಎಂದರು. ಹತ್ತು ರೂಪಾಯಿಯ ಲೋಹಕ್ಕಾಗಿ ಇಡೀ ಸೈಕಲ್ ಬಿಸಾಡಬೇಕೆ? ಬೆಂಗಳೂರಿನಿಂದ ತರಿಸಿದ ತುಂಡು ನೋಡಲು ಅದೇ ಇತ್ತು, ಕೂಡಿಸಿದರೆ ಒಂದು ತೂತು ಅಕ್ಕಿಕಾಳಿನಷ್ಟು ಸರಿದಿತ್ತು. ವಾಪಸು ಕಳಿಸಿದ್ದಾಯಿತು. ದೀಪಾವಳಿ ಬಂದು ಹೋಯಿತು. ಸೈಕಲ್ ಗೋಡೆಗೆ ಒರಗಿಯೇ ಇತ್ತು.

ಕೊನೆಗೆ ಕೈ ಹಿಡಿದದ್ದು ಗೋಕುಲ ರಸ್ತೆಯ ಲೇತ್ ಅಂಗಡಿ. ಹುಬ್ಬಳ್ಳಿಯಲ್ಲಿ ಯಂತ್ರದ ಕೈಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಇದು ನಮ್ಮ ಊರಿನ ದೊಡ್ಡ ಬಲ. ಮುರಿದ ಎರಡು ತುಂಡುಗಳನ್ನು ಜೋಡಿಸಿ ಹಿಡಿದು ಮಿಸ್ತ್ರಿಯವರು ಬಹಳ ಹೊತ್ತು ನೋಡಿದರು. ಆಕಾರ ಅವರಿಗೆ ದೊಡ್ಡದಾಗಿ ಕಾಣಲಿಲ್ಲ, ದಪ್ಪ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಅರದಿಂದ ಉಜ್ಜಿದರೆ ಬರುತ್ತದೆ. ತೊಡಕು ಡಿರೇಲರ್ ಕೂರುವ ತೂತಿನದು. ಅದು ಹತ್ತು ಮಿ.ಮೀ. ತೂತು, ಒಳಗಿನ ಥ್ರೆಡ್ ಒಂದು ಮಿ.ಮೀ. ಅಂತರದ್ದು. ಸಾಮಾನ್ಯ ಹತ್ತರ ಬೋಲ್ಟಿನ ಥ್ರೆಡ್ ಒಂದೂವರೆ ಮಿ.ಮೀ. "ಇದು ಭಾಳ ಸಣ್ಣ ಥ್ರೆಡ್ ಐತ್ರಿ ಸರ್. ನಮ್ಮ ಟ್ಯಾಪ್ ಹಾಕಿದ್ರ ಡಿರೇಲರಿನ ಬೋಲ್ಟ ಹಾಳಾಗತೈತಿ" ಎಂದು ಕೈ ಹಾಕದೆ ಇಟ್ಟರು. ಹೇಗಾದರೂ ನಡೆಯುತ್ತದೆ ಎಂದು ದೊಡ್ಡ ಟ್ಯಾಪ್ ಹೊಡೆದು ಕೊಟ್ಟಿದ್ದರೆ ನನ್ನ ಡಿರೇಲರ್ ಕೂಡ ಗುಜರಿಗೆ ಹೋಗುತ್ತಿತ್ತು. ಟೂಲ್ ಅಂಗಡಿಗಳಲ್ಲಿ ವಿಚಾರಿಸಿ ಒಂದು ಮಿ.ಮೀ. ಟ್ಯಾಪ್ ತರಿಸಿದ ಮೇಲೆಯೇ ಕೆಲಸಕ್ಕೆ ಕೂತರು. ಕೆಲಸದ ಮೇಲಿನ ಅವರ ಆ ಮರ್ಯಾದೆಯನ್ನು ನಾನು ಮರೆಯಲಾರೆ.

ಹ್ಯಾಂಗರ್ ಕೂಡಿತು. ಆದರೆ ಕೂಡಿದ್ದಷ್ಟಕ್ಕೆ ಗೇರ್ ಬೀಳುವುದಿಲ್ಲ. ಹ್ಯಾಂಗರ್ ಗಾಲಿಗೆ ಸಮಾನಾಂತರವಾಗಿ ನಿಲ್ಲಬೇಕು. ಇದನ್ನು ಅಳೆಯಲು ಉದ್ದ ತೋಳಿನ ಒಂದು ಸಾಧನ ಬರುತ್ತದೆ. ರಿಮ್ಮಿನ ಸುತ್ತ ಅಳೆದಾಗ ವ್ಯತ್ಯಾಸ ನಾಲ್ಕು ಮಿ.ಮೀ. ಮೀರಬಾರದು. ಆ ಸಾಧನ ನನಗೆ ಸಿಗಲಿಲ್ಲ. ಅದಿಲ್ಲದೆಯೂ ಮಾಡುವ ಒಂದು ದಾರಿಯಿದೆ, ಹಳೆಯ ಮೆಕ್ಯಾನಿಕ್ಕರು ಬಲ್ಲರು. ನಟ್ ಬಿಗಿಯುವ ನಮೂನೆಯ ಗೇರ್ ಸೈಕಲ್ಲುಗಳ ಹಿಂದಿನ ಆಕ್ಸಲ್ಲಿಗೆ ಹಲವು ಸಲ ಇದೇ ಹತ್ತು ಮಿ.ಮೀ., ಒಂದು ಮಿ.ಮೀ. ಥ್ರೆಡ್ ಇರುತ್ತದೆ. ಅಂಥ ಒಂದು ಗಾಲಿ ತಂದು ಅದರ ಆಕ್ಸಲ್ಲನ್ನೇ ಹ್ಯಾಂಗರಿನ ತೂತಿಗೆ ತಿರುಗಿಸಿ ಕೂಡಿಸಿದೆ. ಈಗ ಎರಡು ಗಾಲಿ ಅಕ್ಕಪಕ್ಕ. ಮೇಲೆ, ಕೆಳಗೆ, ಹಿಂದೆ, ಮುಂದೆ ಎರಡು ರಿಮ್ಮುಗಳ ನಡುವಿನ ಅಂತರ ಒಂದೇ ಇದ್ದರೆ ಹ್ಯಾಂಗರ್ ನೆಟ್ಟಗಿದೆ. ಹುಡುಗ ಸ್ಕೇಲ್ ಹಿಡಿದು ಅಳತೆ ಕೂಗಿದ, ನಾನು ಹೊರಗಿನ ಗಾಲಿಯನ್ನು ಮೆಲ್ಲಗೆ ಒತ್ತಿ ತುಂಡನ್ನು ದಾರಿಗೆ ತಂದೆ. ಬಲವಾಗಿ ಒತ್ತಿದರೆ ಅಲ್ಯೂಮಿನಿಯಂ ಸೀಳುತ್ತದೆ. ಆ ಮಳೆಯ ರಾತ್ರಿಯ ನಂತರ ಅವನು ಸೈಕಲ್ಲಿನ ಹತ್ತಿರ ಬಂದದ್ದು ಅಂದೇ ಮೊದಲು.

ಕಡ್ಡಿ, ವೈರು ಹಾಕಿಸಿಕೊಂಡು ಬಂದು ನೃಪತುಂಗ ಬೆಟ್ಟದ ಏರು ಹಿಡಿದೆ. ಒಂದು ಕ್ಲಿಕ್ ಒತ್ತಿದರೆ ಗೇರ್ ಬದಲಾಗದು, ಎರಡನೆಯದಕ್ಕೆ ಎರಡು ಹಲ್ಲುಚಕ್ರ ಜಿಗಿಯುವುದು, ಪೆಡಲ್ ಮೇಲೆ ಭಾರ ಹಾಕಿದಾಗ ತಾನಾಗಿಯೇ ಜಾರುವುದು. ಏರಿನಲ್ಲಿ ಹೀಗೆ ಜಾರಿದರೆ ಮೊಣಕಾಲು ಹ್ಯಾಂಡಲ್ಲಿಗೆ ಹೊಡೆಯುತ್ತದೆ, ಹೊಡೆಯಿತು ಕೂಡ. ಕಾರಣ ಹುಡುಕಲು ಇನ್ನಷ್ಟು ದಿನ ಹೋದವು. ಹ್ಯಾಂಗರ್ ಸರಿಯಿತ್ತು, ತಪ್ಪಿದ್ದದ್ದು ಔಟರ್, ಅಂದರೆ ವೈರ್ ಓಡುವ ಹೊರಕೊಳವೆ. ವೈರ್ ಹಾಕಿಕೊಟ್ಟ ಅಂಗಡಿಯಲ್ಲಿ ಗೇರಿಗೆ ಬ್ರೇಕಿನ ಔಟರ್ ಕತ್ತರಿಸಿ ಹಾಕಿದ್ದರು. ಹೊರಗೆ ಎರಡೂ ಕಪ್ಪು ಪ್ಲಾಸ್ಟಿಕ್ಕೇ. ಒಳಗೆ ಬ್ರೇಕಿನ ಔಟರಿನಲ್ಲಿ ತಂತಿ ಸುರುಳಿ ಸುತ್ತಿರುತ್ತದೆ, ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ನೆಟ್ಟಗೆ ಓಡುತ್ತವೆ. ಎಳೆದಾಗ ಸುರುಳಿ ಅಮುಕಿಕೊಂಡು ಮೋಟಾಗುತ್ತದೆ. ಹಿಂದೆ ಒಂಬತ್ತು ಹಲ್ಲುಚಕ್ರಗಳಿರುವ ನನ್ನ ಸೈಕಲ್ಲಿನಲ್ಲಿ ಪಕ್ಕಪಕ್ಕದ ಚಕ್ರಗಳ ನಡುವಿನ ಅಂತರ ಸುಮಾರು 4.35 ಮಿ.ಮೀ., ಒಂದು ಕ್ಲಿಕ್ಕಿಗೆ ವೈರ್ ಸರಿಯುವುದು ಎರಡೂವರೆ ಮಿ.ಮೀ. ಮಾತ್ರ. ಅದರಲ್ಲಿ ಅರ್ಧ ಮಿ.ಮೀ. ಔಟರೇ ನುಂಗಿದರೆ ಚೈನ್ ಎರಡು ಚಕ್ರಗಳ ನಡುವೆ ನಿಲ್ಲುತ್ತದೆ. 1984ರಲ್ಲಿ ಶಿಮಾನೊ ಕಂಪನಿ ಕ್ಲಿಕ್ ಗೇರ್ ತರುವ ಮುನ್ನ ಸವಾರರು ಲಿವರನ್ನು ಕೈಯಂದಾಜಿನ ಮೇಲೆ ಸರಿಸಿ ಹೊಂದಿಸುತ್ತಿದ್ದರು. ಆಗ ಇಂಥ ವ್ಯತ್ಯಾಸ ನಡೆಯುತ್ತಿತ್ತು, ಈಗ ನಡೆಯದು. ಇದರ ತಿರುವುಮುರುವು ಇನ್ನೂ ಅಪಾಯ. ಗೇರಿನ ಔಟರನ್ನು ಬ್ರೇಕಿಗೆ ಹಾಕಬಾರದು, ಜೋರಾಗಿ ಹಿಡಿದಾಗ ಅದು ಸೀಳಿ ಬ್ರೇಕೇ ಇಲ್ಲವಾಗಬಹುದು.

ಸರಿಯಾದ ಔಟರ್ ತಂದು, ಈ ಸಲ ಮನೆಯಲ್ಲೇ ಕೂತು ಹೊಂದಿಸಿದೆ. ವೈರ್ ಸಡಿಲ ಬಿಟ್ಟು ಚೈನ್ ಅತಿ ಸಣ್ಣ ಚಕ್ರದ ಮೇಲಿರುವಾಗ, ಡಿರೇಲರ್ ಹೊರಕ್ಕೆ ಮೀರದಂತೆ ತಡೆಯುವ 'ಎಚ್' ಸ್ಕ್ರೂ. ಆಮೇಲೆ ಡಿರೇಲರನ್ನು ಕೈಯಿಂದ ಒಳಗೆ ಒತ್ತಿ ಅತಿ ದೊಡ್ಡ ಚಕ್ರಕ್ಕೆ ತಂದು 'ಎಲ್' ಸ್ಕ್ರೂ. ಚೈನ್ ಆ ಚಕ್ರ ದಾಟಿ ಕಡ್ಡಿಗಳ ಮೇಲೆ ಬೀಳದಂತೆ ತಡೆಯುವುದು ಈ ಸ್ಕ್ರೂ, ಇದರಲ್ಲಿ ಅಸಡ್ಡೆ ಸಲ್ಲದು. ಇವೆರಡೂ ಸರಿಯಾದ ಮೇಲೆಯೇ ವೈರ್ ಬಿಗಿದು, ಡಿರೇಲರ್ ಹತ್ತಿರದ ತಿರುಪನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಸದ್ದು ಕೇಳಬೇಕು. ಸಣ್ಣ ಚಕ್ರದಿಂದ ದೊಡ್ಡದಕ್ಕೆ ಏರಲು ತಡವಾದರೆ ವೈರ್ ಬಿಗಿ ಸಾಲದು, ಇಳಿಯಲು ತಡವಾದರೆ ಹೆಚ್ಚಾಗಿದೆ. ಕಿವಿಯೇ ಹೇಳುತ್ತದೆ.

ಎರಿ ಮಣ್ಣಿನ ವಿಷಯ ಮಾತ್ರ ಯಾವ ಪುಸ್ತಕದಲ್ಲೂ ನಾನು ಕಾಣಲಿಲ್ಲ, ಹೀಗಾಗಿ ಬರೆಯುತ್ತೇನೆ. ಈ ಮೌಂಟೇನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಗುಡ್ಡಗಳ ಧೂಳುದಾರಿಯಲ್ಲಿ. ಅಲ್ಲಿನ ಇಳಿಜಾರಿಗೆ ಹುಟ್ಟಿದ ಸೈಕಲ್ ನಮ್ಮ ರಾಡಿಯನ್ನು ತಡೆಯುತ್ತದೆ ಎಂದು ಎಣಿಸಬಾರದು. ಮಣ್ಣು ಹಸಿ ಇರುವಾಗಲೇ ತೆಗೆಯಬೇಕು. ಒಣಗಿದರೆ ಇಟ್ಟಂಗಿಯಾಗುತ್ತದೆ, ಕೆರೆದಷ್ಟೂ ಚೈನಿನ ಒಳಗೆ ಇಳಿಯುತ್ತದೆ. ನಮ್ಮ ಓಣಿಗೆ ನಳ ದಿನಾಲೂ ಬರುವುದಿಲ್ಲ, ಆದರೂ ಒಂದು ಬಕೆಟ್ ನೀರು ಸಾಕು. ತಂಬಿಗೆಯಿಂದ ಮೆಲ್ಲಗೆ ಹೊಯ್ದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪುಟ್ಟ ಗಾಲಿಗಳ ಸಂದಿ ತಿಕ್ಕುತ್ತೇನೆ. ಸರ್ವೀಸ್ ಸ್ಟೇಷನ್ನಿನ ಪೈಪಿನ ನೀರು ಹೊಡೆಸುವುದಿಲ್ಲ, ಆ ಒತ್ತಡಕ್ಕೆ ಬೇರಿಂಗಿನೊಳಗೆ ನೀರು ಹೋಗುತ್ತದೆ. ಚೈನ್ ಪೂರ್ತಿ ಒಣಗಿದ ಮೇಲೆ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ, ಮೇಲಿನದನ್ನು ಬಟ್ಟೆಯಿಂದ ಒರೆಸಿಬಿಡುವುದು. ಹೊರಗೆ ಉಳಿದ ಎಣ್ಣೆ ಬೇಸಿಗೆಯ ಧೂಳಿಗೆ ಅಂಟಾಗುತ್ತದೆ. ಹನ್ನೆರಡು ಇಂಚಿನ ಸ್ಕೇಲನ್ನು ಚೈನಿನ ಒಂದು ಪಿನ್ನಿನ ನಡುವಿಗೆ ಹಿಡಿದರೆ ಹೊಸ ಚೈನಿನಲ್ಲಿ ಇಪ್ಪತ್ನಾಲ್ಕು ಕೊಂಡಿ ದಾಟಿದ ಪಿನ್ ಸರಿಯಾಗಿ ಹನ್ನೆರಡಕ್ಕೆ ಬರುತ್ತದೆ. ಇಂಚಿನ ಹದಿನಾರನೆಯ ಒಂದು ಪಾಲು ಆಚೆ ಹೋದರೆ ಚೈನ್ ಬದಲಿಸಬೇಕು. ಬಿಟ್ಟರೆ ಹಲ್ಲುಚಕ್ರಗಳೂ ಸವೆದು ಅದರ ಎಷ್ಟೋ ಪಟ್ಟು ಖರ್ಚು.

ಈಗ ನನ್ನ ಚೀಲದಲ್ಲಿ ಚೈನ್ ಕಡಿಯುವ ಸಾಧನ ಇದೆ. ಹ್ಯಾಂಗರ್ ಮುರಿದರೂ ಡಿರೇಲರ್ ತೆಗೆದು, ಚೈನ್ ಮೋಟು ಮಾಡಿ, ಹಿಂದಿನ ನಡುವಿನ ಯಾವುದಾದರೂ ಚಕ್ರಕ್ಕೆ ನೇರ ಕೂಡಿಸಿದರೆ ಒಂದೇ ಗೇರಿನಲ್ಲಿ ಡಾಂಬರು ರಸ್ತೆಯ ಮೇಲೆ ಮೆಲ್ಲಗೆ ಮನೆಯವರೆಗೆ ಬರಬಹುದು. ಚೈನ್ ಓರೆಯಾದರೆ ಪಕ್ಕದ ದೊಡ್ಡ ಚಕ್ರಕ್ಕೆ ಹತ್ತಿ ಬಿಗಿಯಾಗುತ್ತದೆ, ಜೋರಾಗಿ ತುಳಿಯಬಾರದು. ಮಿಸ್ತ್ರಿಯವರಿಂದ ಇನ್ನೊಂದು ಹ್ಯಾಂಗರ್ ಮಾಡಿಸಿ ಸೀಟಿನ ಕೆಳಗೆ ಕಟ್ಟಿದ್ದೇನೆ. ಹುಡುಗ ಮತ್ತೆ ಜೊತೆಗೆ ಬರುತ್ತಾನೆ, ಕಲಘಟಗಿ ಕಡೆಗೆ ಮಾತ್ರ. ಮಳೆ ನಕ್ಷತ್ರ ಇರುವಾಗ ಎರಿ ಹೊಲದ ದಾರಿಗೆ ನಾವಿಬ್ಬರೂ ಇಳಿಯುವುದಿಲ್ಲ.

ಗೇರಿನ ಸೈಕಲ್ ಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಬಿಲ್ ಮಾಡಿಸುವ ಮುಂಚೆ ಆ ಮಾದರಿಯ ಹ್ಯಾಂಗರ್ ಒಂದನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ಇಲ್ಲ ಎಂದರೆ ತರಿಸಿಕೊಡುವವರೆಗೆ ಹಣ ಕೊಡಬೇಡಿ. ಅಂಗಡಿಯವರೂ ತಾವು ಮಾರುವ ಪ್ರತಿ ಮಾದರಿಗೆ ಒಂದೆರಡು ಹ್ಯಾಂಗರ್ ಇಟ್ಟುಕೊಳ್ಳಲಿ, ಗೇರಿಗೆ ಗೇರಿನ ಔಟರನ್ನೇ ಹಾಕಲಿ.